ಎಲ್ಲ ನಿಯಮಕ್ಕೂ ಅಪವಾದ ಇದೆಯಾ?

ಹಾಸನದಲ್ಲಿ ಪಿಯುಸಿ ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಪ್ರತಿ ವರ್ಷ ಯಾರಾದರೂ ಒಬ್ಬರು ಈ ಮಾತು ಹೇಳಿಯೇ ಹೇಳುತ್ತಾರೆ: "ಎಲ್ಲ ನಿಯಮಕ್ಕೂ ಒಂದು ಅಪವಾದ ಇದ್ದೇ ಇರುತ್ತೆ ಅಲ್ವಾ ಸಾರ್?"

ಆಗ ಪಾಠ ನಿಲ್ಲಿಸಿ ಆ ಮಾತನ್ನೇ ಬೋರ್ಡಿನ ಮೇಲೆ ಬರೆಯುತ್ತೇನೆ. ಇದೂ ಒಂದು ನಿಯಮ ತಾನೇ? ಹಾಗಾದರೆ ಇದಕ್ಕೂ ಅಪವಾದ ಬೇಕು. ಅಂದರೆ ಅಪವಾದವೇ ಇಲ್ಲದ ನಿಯಮ ಎಲ್ಲೋ ಒಂದು ಇರಬೇಕು. ಅಲ್ಲಿಗೆ ಆ ಮಾತು ತನ್ನ ಕಾಲ ಮೇಲೆ ತಾನೇ ಕಲ್ಲು ಎತ್ತಿಹಾಕಿಕೊಂಡಿತು. ಅದು ಸುಳ್ಳು, ಅಷ್ಟೇ. ಎರಡು ಸಮಸಂಖ್ಯೆ ಕೂಡಿಸಿದರೆ ಸಮಸಂಖ್ಯೆಯೇ ಬರುತ್ತದೆ, ಅದಕ್ಕೆ ಅಪವಾದ ಇಲ್ಲ.

"ಈ ವಾಕ್ಯ ಸುಳ್ಳು" ಅನ್ನುವುದು ಇನ್ನೂ ಕಠಿಣ. ನಿಜ ಅಂದುಕೊಂಡರೆ ಸುಳ್ಳಾಗುತ್ತದೆ, ಸುಳ್ಳು ಅಂದುಕೊಂಡರೆ ನಿಜವಾಗುತ್ತದೆ. 1901ರಲ್ಲಿ ಬ್ರಿಟಿಷ್ ಚಿಂತಕ ಬರ್ಟ್ರಂಡ್ ರಸೆಲ್ ಗಣಗಳ (ಸೆಟ್‌ಗಳ) ಲೆಕ್ಕದಲ್ಲಿ ಇದೇ ಜಾತಿಯ ಗಂಟನ್ನು ಕಂಡರು. ಗಣಿತದ ಬುನಾದಿಯನ್ನೇ ಮತ್ತೆ ನೋಡಬೇಕಾಯಿತು.

ನನ್ನದೂ ಒಂದು ನಿಯಮ ಇತ್ತು. ಬೆಲ್ ಆದ ಮೇಲೆ ಯಾರೂ ಒಳಗೆ ಬರುವಂತಿಲ್ಲ. ಯಾರೂ ಅಂದರೆ ಯಾರೂ. ಒಂದು ಜುಲೈನಲ್ಲಿ ಸಕಲೇಶಪುರ ಕಡೆಯಿಂದ ಬರುವ ಹುಡುಗನ ಬಸ್ಸು ತಡವಾಯಿತು, ದಾರಿಗೆ ಮರ ಬಿದ್ದಿತ್ತು. ಅವನನ್ನು ಹೊರಗೇ ನಿಲ್ಲಿಸಿದೆ. ಅರ್ಧ ಗಂಟೆ ಕಳೆದ ಮೇಲೆ ನೋಡುತ್ತೇನೆ, ಕಿಟಕಿಯ ಸರಳಿಗೆ ನೋಟ್‌ಬುಕ್ ಒತ್ತಿಕೊಂಡು ಬೋರ್ಡಿನಲ್ಲಿದ್ದದ್ದನ್ನು ಬರೆದುಕೊಳ್ಳುತ್ತಿದ್ದ. ತಲೆಯಿಂದ ನೀರು ತೊಟ್ಟಿಕ್ಕಿ ಶಾಯಿ ಹರಡಿತ್ತು. ಮಕ್ಕಳಿಗೆ ಪಾಠ ತಪ್ಪಬಾರದು ಅಂತ ಮಾಡಿದ ನಿಯಮ ಅದು. ಅದೇ ನಿಯಮ ಅವನಿಗೆ ಪಾಠ ತಪ್ಪಿಸಿತ್ತು. ನನಗೆ ಇವತ್ತಿಗೂ ಅದು ನೋವೇ.

ಹಾಗಂತ ನಿಯಮ ತೆಗೆದುಹಾಕಿದೆ. ಅದೂ ನಡೆಯಲಿಲ್ಲ. ಒಂದು ನಿಮಿಷ ತಡವಾದರೇನು? ಸರಿ. ಇನ್ನೊಂದು ನಿಮಿಷ? ಅದೂ ಸರಿ. ಕ್ರಿಸ್ತಪೂರ್ವ 4ನೇ ಶತಮಾನದ ಗ್ರೀಕ್ ಚಿಂತಕ ಯುಬುಲಿಡೀಸ್ ಹೆಸರಿನಲ್ಲಿ ಬಂದಿರುವ ರಾಶಿಯ ಒಗಟು ಇದೇ. ನಮ್ಮೂರ ಆಲೂಗಡ್ಡೆ ರಾಶಿ ನೆನಪಿಸಿಕೊಳ್ಳಿ. ಒಂದು ಗಡ್ಡೆ ತೆಗೆದರೆ ಅದು ರಾಶಿಯೇ. ಮತ್ತೊಂದು ತೆಗೆದರೂ ರಾಶಿಯೇ. ಹೀಗೇ ತೆಗೆಯುತ್ತಾ ಹೋದರೆ ಕೊನೆಗೆ ಉಳಿದ ಒಂದೇ ಗಡ್ಡೆಯನ್ನೂ ರಾಶಿ ಅನ್ನಬೇಕಾಗುತ್ತದೆ. ಗೆರೆ ಎಲ್ಲಿ ಅಂತ ರಾಶಿ ಹೇಳುವುದಿಲ್ಲ. ನಾವೇ ಎಳೆಯಬೇಕು.

ದಾರಿ ಸಿಕ್ಕಿದ್ದು ದೂರದಲ್ಲೇನಲ್ಲ. ಶ್ರವಣಬೆಳಗೊಳ ಇಲ್ಲಿಂದ ಸುಮಾರು 50 ಕಿಲೋಮೀಟರ್. ಜೈನರ ಸ್ಯಾದ್ವಾದದಲ್ಲಿ ಮಾತಿಗೆ ಮುಂಚೆ "ಸ್ಯಾತ್" ಅಂತ ಸೇರಿಸುತ್ತಾರೆ. ಅದನ್ನು ಸುಮ್ನೆ "ಇರಬಹುದೇನೋ" ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. "ಒಂದು ದೃಷ್ಟಿಯಿಂದ ನೋಡಿದರೆ" ಅಂತ ಅರ್ಥ. ಷರತ್ತನ್ನು ಬಾಯಿಬಿಟ್ಟು ಹೇಳುವುದು. ಇದರ ಹಿಂದಿರುವುದು ಅನೇಕಾಂತ, ಅಂದರೆ ಸತ್ಯಕ್ಕೆ ಹಲವು ಮುಖ ಇದೆ ಅನ್ನುವ ತತ್ವ. ಹಾಗಾದರೆ ಆ ತತ್ವವೇ ಹಠವಾದರೆ? ಆಚಾರ್ಯ ಸಮಂತಭದ್ರರು ಅದನ್ನೂ ಬಿಟ್ಟಿಲ್ಲ, ಅನೇಕಾಂತವೂ ಅನೇಕಾಂತವೇ ಅಂದಿದ್ದಾರೆ. ಅಂದರೆ ಆ ತತ್ವವನ್ನೂ ಒಂದೇ ದೃಷ್ಟಿಯಿಂದ ಹಿಡಿದು ಕೂರುವಂತಿಲ್ಲ. ಈ ಪ್ರಾಮಾಣಿಕತೆ ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ.

ಗಣಿತದಲ್ಲೂ ಷರತ್ತು ಇದ್ದೇ ಇದೆ. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ, ಆದರೆ ಸಮತಲದಲ್ಲಿ. ಗ್ಲೋಬಿನ ಮೇಲೆ ಉತ್ತರ ಧ್ರುವದಿಂದ ಒಂದಕ್ಕೊಂದು ಲಂಬಕೋನದಲ್ಲಿ ಎರಡು ಗೆರೆ ಸಮಭಾಜಕಕ್ಕೆ ಎಳೆಯಿರಿ. ಮೂರೂ ಕೋನ 90, ಮೊತ್ತ 270. ಗಾದೆಗಳೂ ಹಾಗೇ. "ತಾಳಿದವನು ಬಾಳಿಯಾನು" ಅನ್ನುವ ಬಾಯಲ್ಲೇ "ಗಾಳಿ ಬಂದಾಗ ತೂರಿಕೋ" ಅನ್ನುತ್ತೇವೆ. ಎರಡಕ್ಕೂ ಅದರದರ ಹೊತ್ತಿದೆ.

ಈಗ ನನ್ನ ಬೋರ್ಡಿನ ಮೂಲೆಯಲ್ಲಿ ಬರೆದಿರುವುದು ಇಷ್ಟು: ಬೆಲ್ ಆದ ಮೇಲೆ ಐದು ನಿಮಿಷ. ಬಸ್ಸು, ಮಳೆ, ಮನೆಯಲ್ಲಿ ಹುಷಾರಿಲ್ಲ ಅಂದರೆ ಸುಮ್ಮನೆ ಬಂದು ಕೂರಬಹುದು. ಈ ವರ್ಷ ಒಬ್ಬಳು ಎದ್ದು ನಿಂತು ಕೇಳಿದಳು, "ಸಾರ್, ಇದರಲ್ಲಿ ಯಾವುದೂ ಅಲ್ಲದೆ ಆರನೇ ನಿಮಿಷಕ್ಕೆ ಬಂದ್ರೆ?" ಬಾಗಿಲ ಪಕ್ಕದ ಬೆಂಚನ್ನು ಖಾಲಿ ಬಿಡುತ್ತೇನೆ, ಬಂದು ಕೂತುಕೋ, ಕಾರಣ ಆಮೇಲೆ ಮಾತಾಡೋಣ ಅಂದೆ.