ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ?

ಪ್ರಶ್ನೆ: ನಾನು ಜಮಖಂಡಿಯವನು. ಬೆಳಗಾವಿಯಲ್ಲಿ .22 ರೈಫಲ್‌ನಿಂದ ಗುರಿ ಹೊಡೆಯುವ ಅಭ್ಯಾಸ ಮಾಡುತ್ತೇನೆ. ಕಳೆದ ವಾರ ಟ್ರಿಗರ್ ಎಳೆದಾಗ ಬರೀ ‘ಟಕ್’ ಎಂದಿತು, ಗುಂಡು ಹಾರಲಿಲ್ಲ. ಆಮೇಲೆ ಬೋಲ್ಟ್ (ಕಾಡತೂಸು ತುಂಬಲು, ತೆಗೆಯಲು ಹಿಂದೆ ಮುಂದೆ ಎಳೆಯುವ ಭಾಗ) ಕೂಡ ಅಲುಗಲಿಲ್ಲ. ಇಂಥ ಹೊತ್ತಿನಲ್ಲಿ ಏನು ಮಾಡಬೇಕು? ನಮ್ಮೂರಿನಲ್ಲಿ ಲೇಥ್ ಕೆಲಸದಲ್ಲಿ ಪಳಗಿದವರೊಬ್ಬರಿದ್ದಾರೆ, ಅವರಿಂದ ದುರಸ್ತಿ ಮಾಡಿಸಬಹುದೇ?

ಉತ್ತರ: ಎರಡನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರ: ಬೇಡ. ಕಾರಣವನ್ನು ಮುಂದೆ ಹೇಳುತ್ತೇನೆ. ಮೊದಲನೆಯದಕ್ಕೆ ಉತ್ತರ ಕೇಳಿದರೆ ನಿಮಗೆ ನಗು ಬರಬಹುದು. ಮೊದಲ ಅರ್ಧ ನಿಮಿಷ ಏನನ್ನೂ ಮಾಡಬಾರದು. ಬೆರಳನ್ನು ಟ್ರಿಗರ್‌ನಿಂದ ಹೊರಗೆ ತೆಗೆಯಿರಿ, ನಳಿಕೆ ಗುರಿಯ ಕಡೆಗೇ ಇರಲಿ, ಬೋಲ್ಟ್ ಮುಟ್ಟದೆ ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ. ಮದ್ದು ತುಂಬಿ ಹೊಡೆಯುವ ಹಳೆಯ ನಾಡ ಬಂದೂಕಾದರೆ ಅರ್ಧ ನಿಮಿಷ ಸಾಲದು, ಕೆಲವು ನಿಮಿಷಗಳೇ ಬೇಕು.

ಹೀಗೆ ಕಾಯುವುದಕ್ಕೆ ಕಾರಣವಿದೆ. ಕಾಡತೂಸಿನೊಳಗಿನ ಮದ್ದು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಬಿಡುಬೀಸಾಗಿ ಬೋಲ್ಟ್ ಎಳೆದಿರೆಂದುಕೊಳ್ಳಿ. ಕಾಡತೂಸು ಅರ್ಧ ಹೊರಗೆ ಬಂದಿರುತ್ತದೆ, ಸುತ್ತಲೂ ಆನಿಕೆಯಾಗಿ ಉಕ್ಕಿನ ಗೋಡೆ ಇರುವುದಿಲ್ಲ. ಆ ಗಳಿಗೆಯಲ್ಲಿ ಮದ್ದು ಹೊತ್ತಿದರೆ ತೆಳುವಾದ ಹಿತ್ತಾಳೆಯ ಕೊಳವೆ ಸೀಳಿ ಬಿಸಿ ಗಾಳಿಯೂ ಚೂರುಗಳೂ ನೇರ ಮುಖಕ್ಕೆ ರಾಚುತ್ತವೆ. ಕನ್ನಡಕ ಕಡ್ಡಾಯ ಎಂದು ಗುರಿ ಅಭ್ಯಾಸದ ರೇಂಜ್‌ಗಳಲ್ಲಿ ಗೋಳಾಡುವುದು ಇದಕ್ಕಾಗಿಯೇ. ವಿಜಯಪುರದ ಮಲಿಕ್-ಎ-ಮೈದಾನ್ ತೋಪನ್ನು ನೋಡಲು ಹೋದವರಿಗೆ ಅಲ್ಲಿನ ನೀರಿನ ತೊಟ್ಟಿಯ ಕಥೆ ಗೊತ್ತಿರುತ್ತದೆ: ಬತ್ತಿ ಹಚ್ಚಿದವನು ಸದ್ದಿಗೆ ಅಂಜಿ ಅದರೊಳಗೆ ಮುಳುಗುತ್ತಿದ್ದನಂತೆ. ಕಥೆ ನಿಜವೋ ಸುಳ್ಳೋ, ಬೆಂಕಿ ಮುಟ್ಟಿಸುವುದಕ್ಕೂ ಗುಂಡು ಹಾರುವುದಕ್ಕೂ ನಡುವೆ ಒಂದಿಷ್ಟು ಹೊತ್ತು ಇರುತ್ತದೆಂದು ಆ ಕಾಲದವರಿಗೆ ಚೆನ್ನಾಗಿ ತಿಳಿದಿತ್ತು. ಈಗಿನ ಕಾಡತೂಸು ಎಷ್ಟು ಚುರುಕೆಂದರೆ ನಾವು ಅದನ್ನು ಮರೆತೇಬಿಟ್ಟಿದ್ದೇವೆ.

ಕಾಯುವಾಗ ಬಲಗೈ ರೈಫಲ್ ಮೇಲೆಯೇ ಇರಲಿ, ಇನ್ನೊಂದು ಕೈ ಎತ್ತಿ ರೇಂಜ್ ಅಧಿಕಾರಿಯನ್ನು ಕರೆಯಿರಿ. ಹೊಸಬರು ಇಲ್ಲಿಯೇ ಎಡವುತ್ತಾರೆ. “ಸರ್, ಇದು ಹಾರುತ್ತಿಲ್ಲ ನೋಡಿ” ಎನ್ನುತ್ತ ರೈಫಲ್ ಸಮೇತ ಹಿಂದಕ್ಕೆ ತಿರುಗುತ್ತಾರೆ. ಪಕ್ಕದ ಸಾಲಿನವರೆಲ್ಲ ಆ ನಳಿಕೆಯ ಎದುರಿಗೆ ಬಂದುಬಿಡುತ್ತಾರೆ. ಕೆಟ್ಟ ಬಂದೂಕನ್ನು ತುಂಬಿದ ಬಂದೂಕೆಂದೇ ತಿಳಿದು ನಡೆದುಕೊಳ್ಳಬೇಕು. ಎನ್‌ಸಿಸಿಯಲ್ಲಿ ಫೈರಿಂಗ್ ಮಾಡಿದವರಿಗೆ ಉಸ್ತಾದರ ಗದರಿಕೆಯ ಜೊತೆಗೆ ಈ ಪಾಠ ಮೈಗೂಡಿರುತ್ತದೆ.

ಇನ್ನು ಸಿಕ್ಕಿಕೊಂಡ ಬೋಲ್ಟ್. ಕೈಯ ಬಲಕ್ಕೆ ಬಂದರೆ ಸರಿ, ಬಾರದಿದ್ದರೆ ಅಲ್ಲಿಗೆ ನಿಲ್ಲಿಸಿ. ಸುತ್ತಿಗೆಯಿಂದ ತಟ್ಟುವುದು, ಹೆಗಲಿಗೆ ಆನಿಸುವ ಹಿಂಬದಿಯನ್ನು (ಬಟ್) ನೆಲಕ್ಕೆ ಕುಕ್ಕಿ ಬೂಟುಗಾಲಿನಿಂದ ಬೋಲ್ಟ್ ಒದೆಯುವುದು, ಇವೆಲ್ಲ ಒಳಗೆ ಜೀವಂತ ಕಾಡತೂಸು ಇರುವಾಗ ಮಾಡುವ ಕೆಲಸಗಳಲ್ಲ. ಹಾಗೆ ಕುಕ್ಕುವಾಗ ನಳಿಕೆಯ ಬಾಯಿ ಎಲ್ಲಿರುತ್ತದೆಂದು ಯೋಚಿಸಿದ್ದೀರಾ? ನಿಮ್ಮ ಗದ್ದದ ಕೆಳಗೆ. ಆ ಕೆಲಸವನ್ನು ರೇಂಜ್‌ನ ತಿಳಿವಳಿಕಸ್ಥರಿಗೆ ಬಿಡಿ.

ಬೋಲ್ಟ್ ಬಿಚ್ಚಿಕೊಂಡು ಕಾಡತೂಸು ಹೊರಬಂದ ಮೇಲೆ ಅದನ್ನು ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ. ರೋಗ ಯಾವುದೆಂದು ಅದೇ ಹೇಳುತ್ತದೆ. .22 ಕಾಡತೂಸಿನಲ್ಲಿ ಕಿಡಿ ಹೊತ್ತಿಸುವ ಮಸಾಲೆ ಇರುವುದು ತಳದ ಅಂಚಿನ ಸುತ್ತ. ಟ್ರಿಗರ್ ಎಳೆದಾಗ ಆ ಅಂಚಿಗೆ ಬಡಿಯುವುದು ಬೋಲ್ಟ್‌ನೊಳಗಿನ ಪಿನ್. ಅಂಚಿನಲ್ಲಿ ಪಿನ್ ಆಳವಾಗಿ ಕುಟ್ಟಿದ ಗುರುತು ಇದ್ದರೆ ರೈಫಲ್ ತನ್ನ ಕೆಲಸ ಮಾಡಿದೆ; ಆ ಜಾಗದಲ್ಲಿ ಮಸಾಲೆ ಸರಿಯಾಗಿ ಹರಡಿರಲಿಲ್ಲ, ಅಂದರೆ ತಪ್ಪು ಕಾಡತೂಸಿನದು. ಗುರುತು ಉಗುರು ತಾಕಿದಷ್ಟೇ ಮೇಲುಮೇಲಿದ್ದರೆ ಸ್ಪ್ರಿಂಗ್ ಸೋತಿರಬಹುದು, ಇಲ್ಲವೇ ಬೋಲ್ಟ್‌ನೊಳಗೆ ಜಿಡ್ಡು ಕಟ್ಟಿರಬಹುದು. ಗುರುತೇ ಇಲ್ಲವೆಂದರೆ ಪಿನ್ ಮುರಿದಿರುವ ಸಾಧ್ಯತೆ ಹೆಚ್ಚು. ಖಾಲಿ .22 ರೈಫಲ್‌ನ ಟ್ರಿಗರ್ ಅನ್ನು ಆಟಕ್ಕೆಂದು ಪದೇ ಪದೇ ಎಳೆಯುವವರಿಗೆ ಈ ಭಾಗ್ಯ ಬೇಗ ಒದಗುತ್ತದೆ.

ಜಿಡ್ಡಿನ ಮಾತು ಬಂದದ್ದರಿಂದ ಹೇಳುತ್ತೇನೆ. ನಮ್ಮ ಕಡೆ ಮನೆಯಲ್ಲಿರುವ ಕೊಬ್ಬರಿ ಎಣ್ಣೆಯನ್ನೇ ಬಂದೂಕಿಗೂ ಬಿಡುವವರಿದ್ದಾರೆ. ಡಿಸೆಂಬರ್‌ನ ಬೆಳಗಾವಿ ಚಳಿಗೆ ಬಾಟಲಿಯಲ್ಲಿ ಆ ಎಣ್ಣೆ ಏನಾಗುತ್ತದೆಂದು ತಲೆಗೆ ಹಚ್ಚಿಕೊಳ್ಳುವವರನ್ನು ಕೇಳಿ. ಬೋಲ್ಟ್‌ನೊಳಗೂ ಹಾಗೆಯೇ ಹೆಪ್ಪುಗಟ್ಟಿ ಪಿನ್‌ನ ಓಟವನ್ನು ಕುಂಟಿಸುತ್ತದೆ.

‘ಟಕ್’ ಎನ್ನುವುದಕ್ಕಿಂತ ಅಪಾಯಕಾರಿ ಸದ್ದು ಇನ್ನೊಂದಿದೆ. ಗುಂಡು ಹಾರಿತು, ಆದರೆ ಸದ್ದು ‘ಟುಸ್’ ಎಂದಿತು, ಹೆಗಲಿಗೆ ಒದೆತವೂ ತಾಕಲಿಲ್ಲ, ಗುರಿಯ ಕಾಗದದಲ್ಲಿ ಹೊಸ ತೂತೂ ಇಲ್ಲ. ಆಗ ಮುಂದಿನ ಗುಂಡು ಹಾರಿಸಲೇಬೇಡಿ. ಸೀಸ ನಳಿಕೆಯ ನಡುವೆ ಸಿಕ್ಕಿರಬಹುದು. ಅದರ ಹಿಂದೆ ಇನ್ನೊಂದು ಬಂದು ಬಡಿದರೆ ನಳಿಕೆ ಉಬ್ಬುತ್ತದೆ, ಇಲ್ಲವೇ ಸೀಳುತ್ತದೆ. ಬೋಲ್ಟ್ ತೆಗೆದು, ಒಳಗೆ ಕಾಡತೂಸು ಇಲ್ಲವೆಂದು ಖಚಿತಪಡಿಸಿಕೊಂಡು, ನಳಿಕೆಯೊಳಗೆ ಸಲಾಕೆ ತೂರಿಸಿ ನೋಡಬೇಕು. ಬೆಳೆ ಕಾಯಲು 12 ಬೋರ್ ಬಂದೂಕು ಇಟ್ಟುಕೊಂಡ ಖಾನಾಪುರದ ಕಡೆಯ ರೈತರು ಇದೇ ಜಾತಿಯ ಇನ್ನೊಂದು ಗಂಡಾಂತರವನ್ನು ನೆನಪಿಡಬೇಕು. ಬೋರಿನ ಸಂಖ್ಯೆ ಹೆಚ್ಚಿದಷ್ಟೂ ಕಾಡತೂಸು ಸಣ್ಣದು; 20 ಬೋರಿನ ತೆಳ್ಳಗಿನ ಕಾಡತೂಸು ಅಪ್ಪಿತಪ್ಪಿ 12 ಬೋರಿನ ನಳಿಕೆಗೆ ಬಿದ್ದರೆ ಒಳಗೆ ಜಾರಿ ಕೂರುತ್ತದೆ. ನಳಿಕೆ ಖಾಲಿ ಇದೆಯೆಂದು ಅದರ ಹಿಂದೆ ಸರಿಯಾದ ಕಾಡತೂಸು ತುಂಬಿ ಹೊಡೆದವರ ಕೈ ಉಳಿದರೆ ಅದೃಷ್ಟ. ಎರಡನ್ನೂ ಒಂದೇ ಚೀಲದಲ್ಲಿ ಇಡಬಾರದು.

ಏರ್ ರೈಫಲ್‌ನವರೂ ನಿಶ್ಚಿಂತರಲ್ಲ. ಬಾದಾಮಿಯ ಬನಶಂಕರಿ ಜಾತ್ರೆಯಂಥಲ್ಲಿ ಬಲೂನು ಒಡೆಯಲು ಕೊಡುವ ಸ್ಪ್ರಿಂಗ್ ಬಂದೂಕಿನಲ್ಲಿ ನಳಿಕೆ ಮಡಚಿದಾಗ ಬೆರಳು ಜೋಪಾನ. ಅದು ಸಡಿಲಗೊಂಡು ಪಟಾರನೆ ಮೇಲೆದ್ದರೆ ಬೆರಳು ಜಜ್ಜಿಹೋಗುತ್ತದೆ. ಸ್ಪರ್ಧೆಗಳಲ್ಲಿ ಬಳಸುವ ಬಗೆಯಲ್ಲಿ ಗಾಳಿ ತುಂಬಿದ ಸಿಲಿಂಡರ್‌ನ ಒತ್ತಡ 200 ಬಾರ್‌ವರೆಗೆ, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 200 ಪಟ್ಟು ಇರುತ್ತದೆ. ಗಾಳಿ ಸೋರುತ್ತಿದೆಯೆಂದು ತುಂಬಿದ ಸಿಲಿಂಡರ್‌ಗೆ ಸ್ಪ್ಯಾನರ್ ಹಾಕಬೇಡಿ. ಅದರ ಮೇಲಿನ ತಾರೀಖನ್ನೂ ನೋಡಿ: ಅಂತಾರಾಷ್ಟ್ರೀಯ ನಿಯಮದಂತೆ ಸಿಲಿಂಡರ್‌ನ ಬಳಕೆಯ ಅವಧಿ ಹೆಚ್ಚೆಂದರೆ ಹತ್ತು ವರ್ಷ.

ಸ್ಪರ್ಧೆಯ ನಡುವೆ ಕೈಕೊಟ್ಟರೆ ಏನಾಗುತ್ತದೆಂಬುದಕ್ಕೆ ಪಿಸ್ತೂಲ್ ಶೂಟರ್ ಮನು ಭಾಕರ್ ಅವರ ಟೋಕಿಯೋ ಒಲಿಂಪಿಕ್ಸ್ ಅನುಭವ ಎಲ್ಲರಿಗೂ ನೆನಪಿದೆ. 2021ರ ಜುಲೈನಲ್ಲಿ 10 ಮೀಟರ್ ಏರ್ ಪಿಸ್ತೂಲ್ ಅರ್ಹತಾ ಸುತ್ತಿನಲ್ಲಿ ಅವರ ಪಿಸ್ತೂಲು ಕೆಟ್ಟಿತು. ದುರಸ್ತಿಯಲ್ಲಿ ಇಪ್ಪತ್ತು ನಿಮಿಷಗಳ ಆಸುಪಾಸು ಕಳೆದುಹೋಯಿತು, 75 ನಿಮಿಷಗಳಲ್ಲಿ 60 ಗುಂಡು ಮುಗಿಸಬೇಕಾದ ಆಟವದು. ಆ ನಷ್ಟಕ್ಕೆ ಹೆಚ್ಚುವರಿ ಸಮಯ ಸಿಗಲಿಲ್ಲ. ಉಳಿದ ಗುಂಡುಗಳನ್ನು ಧಾವಂತದಲ್ಲಿ ಮುಗಿಸಿ 575 ಅಂಕಗಳೊಂದಿಗೆ 12ನೆಯವರಾದರು, ಫೈನಲ್‌ಗೆ ಬೇಕಿದ್ದದ್ದು ಮೊದಲ ಎಂಟು. 2024ರಲ್ಲಿ ಪ್ಯಾರಿಸ್‌ನಲ್ಲಿ ಅದೇ ಸ್ಪರ್ಧೆಯಲ್ಲಿ ಕಂಚು ಗೆದ್ದರೆನ್ನುವುದು ಬೇರೆ ಮಾತು. ನೀವು ಜಿಲ್ಲಾ ಮಟ್ಟದಲ್ಲಿ ಆಡುವವರಾದರೂ ಕೆಟ್ಟ ತಕ್ಷಣ ತೀರ್ಪುಗಾರರಿಗೆ ತಿಳಿಸಿ, ಅವರ ಅಪ್ಪಣೆಯಿಲ್ಲದೆ ಆಯುಧ ಬಿಚ್ಚಬೇಡಿ, ಬದಲಿಸಲೂ ಬೇಡಿ.

ಈಗ ನಿಮ್ಮ ಲೇಥ್ ಕೆಲಸದವರ ವಿಷಯ. ಅವರ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ, ಅಡ್ಡ ಬರುವುದು ಕಾನೂನು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವವರಂತೆ ದುರಸ್ತಿ ಮಾಡುವವರಿಗೂ ಪರವಾನಗಿ ಬೇಕು. ಅದಿಲ್ಲದೆ ದುರಸ್ತಿಗೆ ಕೈಹಾಕಿದರೆ 2019ರ ತಿದ್ದುಪಡಿಯ ಬಳಿಕ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯವರೆಗೂ ಹೋಗಬಹುದು. ಭೀಮಾ ತೀರದ ಕಂಟ್ರಿ ಪಿಸ್ತೂಲುಗಳ ಸುದ್ದಿ ಓದಿ ಬೆಳೆದ ಈ ಭಾಗದಲ್ಲಿ ಲೇಥ್ ಅಂಗಡಿಯ ಮೇಜಿನ ಮೇಲೆ ರೈಫಲ್‌ನ ಬೋಲ್ಟ್ ಕಂಡರೆ ಪೊಲೀಸರು ಏನೆಂದುಕೊಳ್ಳುತ್ತಾರೆಂದು ನಾನು ಬಿಡಿಸಿ ಹೇಳಬೇಕಿಲ್ಲ. ಉಜ್ಜುವಾಗ, ಬೆಸುಗೆ ಹಾಕುವಾಗ ಮೈಮೇಲಿನ ನಂಬರು ಅಳಿಸಿದರೆ ಅದು 8ನೇ ಸೆಕ್ಷನ್‌ನಡಿ ಬೇರೆಯೇ ಅಪರಾಧ. ರೈಫಲ್ ಕ್ಲಬ್‌ನದಾದರೆ ಅಲ್ಲಿಯೇ ಒಪ್ಪಿಸಿ ಲಿಖಿತವಾಗಿ ತಿಳಿಸಿ. ನಿಮ್ಮದೇ ಆದರೆ ಗುಂಡು ತೆಗೆದು, ಚೀಲದಲ್ಲಿಟ್ಟು, ಲೈಸೆನ್ಸ್ ಜೊತೆಗೊಯ್ದು ಪರವಾನಗಿ ಇರುವ ಅಂಗಡಿಗೆ ಕೊಡಿ, ರಸೀದಿ ಬರೆಸಿಕೊಳ್ಳದೆ ಹೊರಡಬೇಡಿ. ಹಾರದ ಕಾಡತೂಸುಗಳನ್ನು ಬೇರೆ ಡಬ್ಬಿಯಲ್ಲಿಟ್ಟು ರೇಂಜ್‌ಗೋ ಅಂಗಡಿಗೋ ಹಿಂದಿರುಗಿಸಿ. ಹೊಲದ ಬದುವಿನಲ್ಲಿ ಬಿಸಾಡಿದರೆ ಮಕ್ಕಳ ಕೈಗೆ ಸಿಗುತ್ತವೆ.

ದುರಸ್ತಿಯಾಗಿ ಬಂದ ರೈಫಲ್ ಅನ್ನು ರೇಂಜ್‌ನಲ್ಲಿಯೇ ಪರೀಕ್ಷಿಸಿ. ಮೊದಲಿಗೆ ಮರಳಿನ ಚೀಲದ ಮೇಲೆ ಒರಗಿಸಿ, ಒಂದು ಸಲಕ್ಕೆ ಒಂದೇ ಕಾಡತೂಸು ತುಂಬಿ ಹೊಡೆಯಿರಿ. ಹೊರಬಂದ ಪ್ರತಿ ಖಾಲಿ ಕೊಳವೆಯ ಅಂಚಿನ ಗುರುತನ್ನು ಹಿಂದಿನದರ ಪಕ್ಕದಲ್ಲಿಟ್ಟು ಹೋಲಿಸಿ. ಗುಂಡುಗಳು ಒಂದು ಬದಿಗೆ ಸರಿದು ಬೀಳುತ್ತಿದ್ದರೆ ಗಾಬರಿ ಬೇಡ. ಬಿಚ್ಚಿ ಜೋಡಿಸಿದ ಮೇಲೆ ಅದು ಸಹಜ, ಗುರಿ ನೋಡುವ ಸೈಟ್ ಅನ್ನು ಹೊಸದಾಗಿ ಹೊಂದಿಸಿಕೊಂಡರಾಯಿತು.