ಆಪ್ತಸಮಾಲೋಚನಾ ಕೇಂದ್ರದಲ್ಲಿ ಶುಲ್ಕ ಎಷ್ಟಿರಬೇಕು? ಪೂರ್ತಿ ಉಚಿತ ಮಾಡಿದರೆ ಆಗದೇ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರ. ನಿವೃತ್ತ ಶಿಕ್ಷಕರು ಕೆಲವರು, ಒಬ್ಬ ವೈದ್ಯರು ಸೇರಿ ಟ್ರಸ್ಟ್ ಮಾಡಿಕೊಂಡಿದ್ದೇವೆ. ಬಡವರಿಗೂ ಎಟಕುವಂಥ ಆಪ್ತಸಮಾಲೋಚನಾ ಕೇಂದ್ರ ತೆರೆಯುವ ಆಸೆ. ಉಚಿತ ಕೊಟ್ಟರೆ ಜನ ಬೆಲೆ ಕೊಡುವುದಿಲ್ಲ ಎಂದು ಕೆಲವರು, ದುಡ್ಡು ಕೇಳಿದರೆ ಯಾರೂ ಬರುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಎಷ್ಟು ಇಡೋಣ?

ಉತ್ತರ: ಜನ ಎಷ್ಟು ಕೊಡಬಲ್ಲರು ಎಂಬುದನ್ನು ಆಮೇಲೆ ನೋಡೋಣ. ಒಂದು ಸೆಷನ್ನಿಗೆ ನಿಮಗೆ ಎಷ್ಟು ತಗಲುತ್ತದೆ ಎಂಬ ಲೆಕ್ಕ ಮೊದಲು ಆಗಬೇಕು. ಈ ಲೆಕ್ಕ ಹಾಕದೆ ‘ನೂರು ರೂಪಾಯಿ ಇಡೋಣ’ ಎಂದು ಶುರು ಮಾಡಿದ ಕೇಂದ್ರಕ್ಕೆ, ಕೈಯಿಂದ ಎಷ್ಟು ಹೋಗುತ್ತಿದೆ ಎಂಬುದೇ ವರ್ಷದ ಕೊನೆಯವರೆಗೆ ತಿಳಿಯುವುದಿಲ್ಲ.

ಉದಾಹರಣೆಗೆ ಒಂದು ತಿಂಗಳ ಖರ್ಚು ಹೀಗೆ ಹಿಡಿಯಿರಿ. ಇಬ್ಬರು ಪೂರ್ಣಾವಧಿ ಸಮಾಲೋಚಕರಿಗೆ ತಲಾ 30,000, ಸ್ವಾಗತದಲ್ಲಿ ಕೂರುವವರಿಗೆ 15,000, ಬಾಡಿಗೆ 18,000, ಹಿರಿಯ ಮನಶ್ಶಾಸ್ತ್ರಜ್ಞರ ಮೇಲ್ವಿಚಾರಣೆಗೆ 10,000, ಕರೆಂಟು, ಫೋನು, ಮುದ್ರಣ ಎಲ್ಲ ಸೇರಿ 7,000, ಲೆಕ್ಕಪರಿಶೋಧನೆಗೆಂದು ಎತ್ತಿಡುವುದು 3,000, ಅನಿರೀಕ್ಷಿತ ಖರ್ಚಿಗೆ 5,000. ಒಟ್ಟು 1,18,000 ರೂಪಾಯಿ. ನಿಮ್ಮೂರಿನ ಬಾಡಿಗೆ, ಸಂಬಳ ಬೇರೆ ಇದ್ದೀತು, ಲೆಕ್ಕದ ದಾರಿ ಇದೇ.

ಒಬ್ಬ ಸಮಾಲೋಚಕರು ದಿನಕ್ಕೆ ಐದು ಸೆಷನ್ ಮಾಡಬಹುದು. ಎಂಟು ಗಂಟೆ ಕೆಲಸವೆಂದರೆ ಎಂಟು ಸೆಷನ್ ಎಂದು ಟ್ರಸ್ಟಿಗಳು ಲೆಕ್ಕ ಹಾಕುವುದುಂಟು, ಅದು ಬೇಡ. 50 ನಿಮಿಷ ಕೇಳಿದ ಮೇಲೆ ಟಿಪ್ಪಣಿ ಬರೆಯಬೇಕು, ಬಾರದವರಿಗೆ ಫೋನ್ ಮಾಡಬೇಕು, ಆಸ್ಪತ್ರೆಗೆ ಕಳಿಸಿದವರನ್ನು ವಿಚಾರಿಸಬೇಕು. ಎಂಟು ಮಾಡಿಸಿದರೆ ಕೊನೆಯ ಮೂವರ ಮಾತು ಕಿವಿಗೆ ಬೀಳುತ್ತದೆಯೇ ಹೊರತು ಒಳಗಿಳಿಯುವುದಿಲ್ಲ. ತಿಂಗಳಿಗೆ 22 ದಿನ, ಇಬ್ಬರಿಂದ 220 ಸಮಯಗಳು. ನಾಲ್ಕರಲ್ಲಿ ಒಂದು ಖಾಲಿ ಹೋಗುತ್ತದೆಂದು ಹಿಡಿದರೆ ನಿಜವಾಗಿ ನಡೆಯುವುದು 165. ಅಂದರೆ ಒಂದು ಸೆಷನ್ನಿಗೆ ಸುಮಾರು 715 ರೂಪಾಯಿ. ಎಲ್ಲರೂ ಬಂದಿದ್ದರೆ 536 ಆಗುತ್ತಿತ್ತು. ಬಾಡಿಗೆಯಲ್ಲಿ ಸಾವಿರ ಉಳಿಸಲು ಚೌಕಾಸಿ ಮಾಡುವ ಎಷ್ಟೋ ಕೇಂದ್ರಗಳು ಈ ಖಾಲಿ ಕುರ್ಚಿಯ ಖರ್ಚನ್ನು ಗಮನಿಸುವುದೇ ಇಲ್ಲ.

ಈಗ ಶುಲ್ಕ. ನಾಲ್ಕು ಹಂತ ಸಾಕು: ಸೊನ್ನೆ, 100, 300, 800. ಮೇಲಿನ ಹಂತ ನಿಜವಾದ ಖರ್ಚಿಗಿಂತ ತುಸು ಹೆಚ್ಚಿರಲಿ. ಕೊಡಬಲ್ಲವರು ಪೂರ್ತಿ ಖರ್ಚು ಕೊಡುವುದರಲ್ಲಿ ತಪ್ಪೇನಿಲ್ಲ. 165ರಲ್ಲಿ 25 ಸೆಷನ್ ಉಚಿತ, 74 ನೂರರವು, 50 ಮುನ್ನೂರರವು, 16 ಎಂಟುನೂರರವು ಎಂದಿಟ್ಟುಕೊಳ್ಳಿ. ಬರುವುದು 35,200, ಖರ್ಚಿನ ಶೇ 30ರಷ್ಟು. ಉಳಿದ 82,800 ಪ್ರತಿ ತಿಂಗಳೂ ದಾನದಿಂದ ಬರಬೇಕು, ವರ್ಷಕ್ಕೆ ಹತ್ತಿರಹತ್ತಿರ 10 ಲಕ್ಷ. ಬಡವರಿಗೆ ಎಟಕುವ ಕೇಂದ್ರ ಶುಲ್ಕದಿಂದಲೇ ನಡೆಯುತ್ತದೆ ಎಂಬ ಭರವಸೆಯನ್ನು ಟ್ರಸ್ಟಿನ ಮೊದಲ ಸಭೆಯಲ್ಲೇ ಬಿಟ್ಟುಬಿಡಿ.

‘ಉಚಿತ ಕೊಟ್ಟರೆ ಬೆಲೆ ಇರುವುದಿಲ್ಲ’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೂಲಿಗೆ ಹೋಗುವವರು ಮಧ್ಯಾಹ್ನ ಮೂರಕ್ಕೆ ನಿಮ್ಮಲ್ಲಿಗೆ ಬರಬೇಕಾದರೆ ಅರ್ಧ ದಿನದ ಕೂಲಿ, ಬಸ್ ಚಾರ್ಜು ಎರಡನ್ನೂ ಕಳೆದುಕೊಂಡೇ ಬರುತ್ತಾರೆ. ನೀವು ಬೇಡವೆಂದರೂ ಅವರು ಕೊಟ್ಟಾಗಿದೆ. ಶುಲ್ಕ ಏರಿಸಿದರೆ ಕುರ್ಚಿ ತುಂಬುವುದಿಲ್ಲ. ವಾರದಲ್ಲಿ ಎರಡು ದಿನ ಸಂಜೆ ಏಳೂವರೆವರೆಗೆ, ಭಾನುವಾರ ಬೆಳಿಗ್ಗೆ ಬಾಗಿಲು ತೆರೆದಿಟ್ಟರೆ ತುಂಬುತ್ತದೆ.

ಯಾರು ಯಾವ ಹಂತ ಎಂದು ತೀರ್ಮಾನಿಸುವಾಗಲೇ ಹೆಚ್ಚು ತಪ್ಪಾಗುವುದು. ಬಿಪಿಎಲ್ ಕಾರ್ಡು ಕೇಳಬೇಡಿ. ಕರ್ನಾಟಕದಲ್ಲಿ ಬಹುಪಾಲು ಕುಟುಂಬಗಳ ಹತ್ತಿರ ಅದಿರುವುದರಿಂದ ಯಾರ ಕೈ ಬಿಗಿಯಾಗಿದೆ ಎಂಬುದು ಅದರಿಂದ ಗೊತ್ತಾಗುವುದಿಲ್ಲ. ಕುಟುಂಬದ ಆದಾಯ ಕೇಳಿದರೂ ಮೋಸ ಹೋಗುತ್ತೀರಿ. ಎರಡಂತಸ್ತಿನ ಮನೆಯ ಗೃಹಿಣಿಯ ಕೈಯಲ್ಲಿ ಗಂಡನನ್ನು ಕೇಳದೆ ಖರ್ಚು ಮಾಡಲು 50 ರೂಪಾಯಿಯೂ ಇರಲಿಕ್ಕಿಲ್ಲ. ಮನೆಯಲ್ಲಿ ಹೇಳದೆ ಬಂದ ಪಿಯುಸಿ ಹುಡುಗನ ತಂದೆ ತೋಟದ ಮಾಲೀಕರಿದ್ದಾರು. ಸಮಯ ಗೊತ್ತುಮಾಡುವ ಫೋನಿನಲ್ಲೇ ನಾಲ್ಕೂ ಹಂತ ಹೇಳಿ, ‘ಇದರಲ್ಲಿ ನಿಮಗೆ ಯಾವುದು ಆಗುತ್ತೆ?’ ಎಂದು ಕೇಳಿ, ಹೇಳಿದ್ದನ್ನು ನಂಬಿ. ಕೆಲವರು ಕಡಿಮೆ ಹೇಳಿಯಾರು. ಪುರಾವೆ ಕೇಳಿದ್ದಕ್ಕೆ ನಾಚಿ ವಾಪಸು ಹೋಗುವವರಿಂದ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಆರನೇ ಸೆಷನ್ನಿನ ಹೊತ್ತಿಗೆ ಮತ್ತೊಮ್ಮೆ ವಿಚಾರಿಸಿದರೆ ಸಾಕು.

ಹಣ ತೆಗೆದುಕೊಳ್ಳುವವರು ಸಮಾಲೋಚಕರಾಗಿರಬಾರದು. ರಸೀದಿ ಎಲ್ಲರಿಗೂ ಒಂದೇ ಬಣ್ಣದ್ದು, ಸೊನ್ನೆಯವರಿಗೂ ಸೊನ್ನೆ ಬರೆದು ಹರಿದುಕೊಡಿ. ಯುಪಿಐ ಇಡುವುದಾದರೆ ಖಾತೆಯ ಹೆಸರನ್ನು ನೋಡಿಕೊಳ್ಳಿ. ಟ್ರಸ್ಟಿನ ಹೆಸರಲ್ಲೇ ‘ಮಾನಸಿಕ ಚಿಕಿತ್ಸಾ’ ಎಂದಿದ್ದರೆ ಪಾವತಿಯ ಸಾಲಿನಲ್ಲಿ ಅದೇ ಮೂಡುತ್ತದೆ, ಸಂಜೆ ಫೋನು ಕೈಗೆತ್ತಿಕೊಂಡ ಮನೆಯವರು ಓದುತ್ತಾರೆ. ಹಿಂದಿನ ದಿನ ಕಳಿಸುವ ನೆನಪಿನ ಸಂದೇಶದಲ್ಲೂ ‘ನಾಳೆ 4 ಗಂಟೆಗೆ ನಿಮ್ಮ ಭೇಟಿ ಇದೆ’ ಎಂದಷ್ಟೇ ಇರಲಿ. ಈ ಫೋನು ಬೇರೆ ಯಾರಾದರೂ ನೋಡುತ್ತಾರೆಯೇ ಎಂದು ಮೊದಲ ದಿನವೇ ಕೇಳಿ ಬರೆದಿಟ್ಟುಕೊಳ್ಳಿ.

ಕೋಣೆಯ ಬಗ್ಗೆ ಒಂದು ಮಾತು. ಪ್ಲೈವುಡ್ ಅಡ್ಡಗೋಡೆ ಹಾಕಿ ಎರಡು ಕೋಣೆ ಮಾಡಿದರೆ ಆ ಕಡೆಯ ಅಳು ಈ ಕಡೆಗೆ ಕೇಳುತ್ತದೆ. ಇಟ್ಟಿಗೆ ಗೋಡೆ ಸೂರಿನವರೆಗೂ ಹೋಗಿರಬೇಕು, ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಬೇಕು. ಒಬ್ಬರು ಒಳಗೆ ಕೂತು ಮಾಮೂಲಿ ದನಿಯಲ್ಲಿ ಮಾತಾಡಲಿ, ಇನ್ನೊಬ್ಬರು ಹೊರಗಿನ ಬೆಂಚಿನ ಮೇಲೆ ಕೂತು ಕೇಳಲಿ. ಒಂದೇ ಒಂದು ಪದ ಕೇಳಿದರೂ ಆ ಕೋಣೆ ಆಗುವುದಿಲ್ಲ.

ಹಣ ಬಿಗಿಯಾದಾಗ ಟ್ರಸ್ಟುಗಳು ಮೊದಲು ಕತ್ತರಿ ಹಾಕುವುದು ಮೇಲ್ವಿಚಾರಣೆಗೆ. ಅದೊಂದನ್ನು ಮಾತ್ರ ಮುಟ್ಟಬೇಡಿ. ಗೋವಾದಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಎಂಬ ಸ್ವಯಂಸೇವಾ ಸಂಸ್ಥೆಯವರು ಮಾಡಿದ ಅಧ್ಯಯನ 2017ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ವೃತ್ತಿಪರರಲ್ಲದ, ತರಬೇತಿ ಪಡೆದ ಸಮಾಲೋಚಕರು ಆರರಿಂದ ಎಂಟು ಸೆಷನ್ನುಗಳಲ್ಲಿ ತೀವ್ರ ಖಿನ್ನತೆಯವರಿಗೂ ನೆರವಾಗಬಲ್ಲರು ಎಂದು ಅದು ತೋರಿಸಿತು. ಇದನ್ನು ಕೇಳಿ ಸ್ವಯಂಸೇವಕರನ್ನು ಕೂಡಿಸಿಬಿಡುವ ಉತ್ಸಾಹ ಬರುತ್ತದೆ. ಅಲ್ಲಿನ ಸಮಾಲೋಚಕರ ಕೆಲಸವನ್ನು ನಿಯಮಿತವಾಗಿ ಪರಿಶೀಲಿಸುವ ವ್ಯವಸ್ಥೆ ಇತ್ತು ಎಂಬುದನ್ನು ಮರೆಯಬಾರದು. ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ, ಮನಶ್ಶಾಸ್ತ್ರದ ಎಂಎಸ್ಸಿ ವಿದ್ಯಾರ್ಥಿಗಳು ಬಂದರೆ ಜೊತೆಯಲ್ಲಿ ಕೂತು ಕಲಿಯಲಿ, ಒಬ್ಬರನ್ನೇ ಬಿಡಬೇಡಿ.

ಮೊದಲ ಭೇಟಿಯಲ್ಲಿ ಖಿನ್ನತೆಯ ಮಟ್ಟ ಅಳೆಯುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯ ಕನ್ನಡ ರೂಪ ಬಳಸಬಹುದು. ಒಂಬತ್ತು ಪ್ರಶ್ನೆ, 27ರವರೆಗೆ ಅಂಕ, 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನ ಗಮನ ಬೇಕು. ಒಟ್ಟು ಅಂಕ ಎಷ್ಟೇ ಇರಲಿ, ಸಾವಿನ ಯೋಚನೆ ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ ಬಿಟ್ಟು ಏನೇ ಉತ್ತರ ಬಂದರೂ ಆ ದಿನ ಗಡಿಯಾರ ನೋಡಬೇಡಿ. ಯೋಜನೆ ಏನಾದರೂ ಇದೆಯೇ, ಮನೆಯಲ್ಲಿ ಕೀಟನಾಶಕ ಇದೆಯೇ, ಅದನ್ನು ಬೀಗ ಹಾಕಿಡುವವರು ಯಾರು, ಇವತ್ತು ರಾತ್ರಿ ಜೊತೆಗಿರುವವರು ಯಾರು ಎಂದು ನೇರವಾಗಿಯೇ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಔಷಧಿ ಬೇಕಾದವರಿಗೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿದ್ದಾರೆ. ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತಿಂಗಳ ಎಷ್ಟನೇ ಮಂಗಳವಾರ ನಡೆಯುತ್ತದೆ ಎಂದು ಮೊದಲೇ ವಿಚಾರಿಸಿ ಗೋಡೆಗೆ ಅಂಟಿಸಿಕೊಳ್ಳಿ.

ಗೋಪ್ಯತೆಗೆ ಮಿತಿ ಇದೆ ಎಂಬುದನ್ನು ಮೊದಲ ಹತ್ತು ನಿಮಿಷದಲ್ಲೇ ಹೇಳಬೇಕು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ಗೋಪ್ಯತೆಯನ್ನು ಹಕ್ಕಾಗಿಸಿದೆ, ಜೀವಕ್ಕೆ ಅಪಾಯವಿದ್ದಾಗ ವಿನಾಯಿತಿಯನ್ನೂ ಕೊಟ್ಟಿದೆ. ಮಗುವಿನ ಮೇಲಿನ ಲೈಂಗಿಕ ಅಪರಾಧ ತಿಳಿದುಬಂದರೆ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಎಲ್ಲ ಕೇಳಿಸಿಕೊಂಡ ಮೇಲೆ ಇದನ್ನು ಹೇಳಿದರೆ ಅದು ನಂಬಿಕೆದ್ರೋಹವಾಗುತ್ತದೆ.

ಕಾಗದಪತ್ರದ ವಿಷಯ ಚುಟುಕಾಗಿ: ಟ್ರಸ್ಟಿಗೂ ದಾನಿಗಳಿಗೂ ತೆರಿಗೆ ವಿನಾಯಿತಿ ಸಿಗುವಂತೆ ಮಾಡುವ ಆದಾಯ ತೆರಿಗೆ ನೋಂದಣಿಗಳನ್ನು (ಹಳೆಯ ಕಾಯ್ದೆಯಲ್ಲಿ 12ಎ, 80ಜಿ ಎನ್ನುತ್ತಿದ್ದವು) ಮೊದಲು ಮಾಡಿಸಿ. ಶುಲ್ಕ, ದಾನ ಎರಡಕ್ಕೂ ಬೇರೆ ಬೇರೆ ರಸೀದಿ ಪುಸ್ತಕ ಇರಲಿ, ಶುಲ್ಕ ಕೊಟ್ಟವರಿಗೆ ದಾನದ ರಸೀದಿ ಕೊಡುವಂತಿಲ್ಲ. 2,000 ರೂಪಾಯಿ ಮೀರಿದ ನಗದು ದಾನಕ್ಕೆ ದಾನಿಗೆ ತೆರಿಗೆ ವಿನಾಯಿತಿ ಇಲ್ಲ. ಯಾರನ್ನಾದರೂ ‘ಕ್ಲಿನಿಕಲ್ ಸೈಕಾಲಜಿಸ್ಟ್’ ಎಂದು ಬೋರ್ಡಿನಲ್ಲಿ ಬರೆಯುವ ಮುನ್ನ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ (ಆರ್‌ಸಿಐ) ಅವರ ನೋಂದಣಿ ಸಂಖ್ಯೆ ನೋಡಿ.

ಕೊನೆಯದಾಗಿ, ಬಾಗಿಲು ತೆರೆಯುವ ದಿನಾಂಕ. ತಿಂಗಳಿಗೆ 82,800 ಕೊರತೆ ಎಂದರೆ ಆರು ತಿಂಗಳಿಗೆ ಸುಮಾರು 5 ಲಕ್ಷ. ಅಷ್ಟು ಹಣ ಖಾತೆಗೆ ಸೇರುವವರೆಗೆ ಉದ್ಘಾಟನೆ ಬೇಡ. ಬೇಕಾದರೆ ಒಬ್ಬರೇ ಸಮಾಲೋಚಕರೊಂದಿಗೆ ವಾರಕ್ಕೆ ಮೂರು ದಿನ ಚಿಕ್ಕದಾಗಿ ಶುರು ಮಾಡಿ. ಹಣ ಮುಗಿದು ಒಂದು ಸೋಮವಾರ ಬೀಗ ಹಾಕಿದರೆ, ನಾಲ್ಕನೇ ಸೆಷನ್ನಿನಲ್ಲಿ ಮೊದಲ ಸಲ ಬಾಯಿಬಿಟ್ಟಿದ್ದವರು ಮುಂದಿನ ವಾರ ಬಂದು ಆ ಬೀಗ ನೋಡಿ ಹೋಗುತ್ತಾರೆ. ಮುಚ್ಚಲೇಬೇಕಾಗಿ ಬಂದರೂ ಎರಡು ತಿಂಗಳು ಮೊದಲೇ ಹೊಸಬರನ್ನು ನಿಲ್ಲಿಸಿ, ಇದ್ದವರ ಸೆಷನ್ನುಗಳನ್ನು ಮುಗಿಸಿ, ಉಳಿದವರನ್ನು ಹೆಸರು ಹಿಡಿದು ಇನ್ನೊಬ್ಬರ ಕೈಗೆ ಒಪ್ಪಿಸಿ.