ಮೇಲಿನ ಒಂದಡಿ ಮಣ್ಣು ತೆಗೆದು ಹೊಸ ಮಣ್ಣು ಹಾಕಿದರೆ ಸಾಲದಾ?

ಓದುಗರ ಪ್ರಶ್ನೆ: ನಮ್ಮೂರಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆ ಜಾಗದಲ್ಲಿ ಕಡಿಮೆ ಬೆಲೆಯ ಮನೆಗಳನ್ನು ಕಟ್ಟುತ್ತಾರಂತೆ. ಅಲ್ಲಿನ ಮಣ್ಣಲ್ಲಿ ವಿಷ ಇದೆ ಅಂತ ಕೆಲವರು ತಕರಾರು ತೆಗೆದಿದ್ದಾರೆ. ಜೆಸಿಬಿ ತಂದು ಮೇಲಿನ ಒಂದಡಿ ಎತ್ತಿಹಾಕಿ, ಒಳ್ಳೆ ಮಣ್ಣು ತುಂಬಿದರೆ ಮುಗಿಯಲ್ಲವಾ? ಬಡವರ ಮನೆಗೆ ಯಾಕೆ ಇಷ್ಟು ಅಡ್ಡಗಾಲು?

ಕೆಲವು ಕಡೆ ಅಷ್ಟು ಸಾಕು. ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಮೇಲಿನ ಮಣ್ಣು ತೆಗೆದು ಬೇರೆ ಮಣ್ಣು ತುಂಬುವುದು ಹಲವು ದೇಶಗಳಲ್ಲಿ ಬಳಕೆಯಲ್ಲಿರುವ ವಿಧಾನವೇ. ಆದರೆ ಒಂದಡಿ ಸಾಕೋ, ಎರಡಡಿ ಬೇಕೋ, ಅಥವಾ ಅಗೆಯುವುದೇ ದಂಡವೋ ಅನ್ನುವುದು ಅಲ್ಲಿ ಯಾವ ವಿಷ ಇದೆ, ಎಷ್ಟು ಆಳಕ್ಕಿದೆ ಅಂತ ಗೊತ್ತಾಗುವ ತನಕ ಯಾರಿಗೂ ಹೇಳಲು ಬರುವುದಿಲ್ಲ. ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ಮೊದಲು ಜಾಗದ ರೇಟು ಕುದುರುತ್ತದೆ, ಆಮೇಲೆ ನಕ್ಷೆ, ಆಮೇಲೆ ಟೆಂಡರ್, ಶಂಕುಸ್ಥಾಪನೆ, ಎಲ್ಲ ಮುಗಿದು ಯಾರಾದರೂ ಗಲಾಟೆ ಮಾಡಿದ ಮೇಲೆ ಮಣ್ಣಿನ ವಿಷದ ಮಾತು. ಆಗ "ಸಾಯಿಲ್ ಟೆಸ್ಟ್ ಆಗಿದೆ ಸರ್" ಅಂತ ಒಂದು ರಿಪೋರ್ಟ್ ತೋರಿಸುತ್ತಾರೆ. ಅದನ್ನು ನೋಡಿ ಮೋಸ ಹೋಗಬೇಡಿ. ಕಟ್ಟಡದವರು ಮಾಮೂಲಾಗಿ ಮಾಡಿಸುವ ಸಾಯಿಲ್ ಟೆಸ್ಟ್ ಮಣ್ಣು ಎಷ್ಟು ಭಾರ ತಡೆಯುತ್ತದೆ ಅಂತ ಹೇಳುತ್ತದೆ ಅಷ್ಟೆ. ಸೀಸ ಇದೆಯಾ, ಕ್ರೋಮಿಯಂ ಇದೆಯಾ ಅಂತ ಅದು ನೋಡುವುದೇ ಇಲ್ಲ.

ನಿಮ್ಮ ಪ್ರಶ್ನೆಗೆ ಸರಿಯಾಗಿ ಹೊಂದುವ ಒಂದು ಊರಿದೆ. ಅಮೆರಿಕದ ಇಂಡಿಯಾನಾ ರಾಜ್ಯದ ಈಸ್ಟ್ ಷಿಕಾಗೋ. ಹೆಸರು ಕೇಳಿ ಷಿಕಾಗೋ ನಗರದ ಬಡಾವಣೆ ಅಂದುಕೊಳ್ಳಬೇಡಿ, ಅದರ ಹತ್ತಿರದ ಬೇರೆಯೇ ಊರು. ಅಲ್ಲಿ ಸೀಸ ಕರಗಿಸುವ, ಶುದ್ಧ ಮಾಡುವ ಕಾರ್ಖಾನೆಗಳು ದಶಕಗಟ್ಟಲೆ ನಡೆದವು. ಅಂಥ ಒಂದು ಕಾರ್ಖಾನೆ ಇದ್ದ ಜಾಗದ ಮೇಲೆಯೇ 1970ರ ದಶಕದ ಆರಂಭದಲ್ಲಿ ಬಡ ಕುಟುಂಬಗಳಿಗೆಂದು ಸರ್ಕಾರಿ ವಸತಿ ಸಮುಚ್ಚಯ ಕಟ್ಟಿದರು, ಹೆಸರು ವೆಸ್ಟ್ ಕ್ಯಾಲುಮೆಟ್. ಪಕ್ಕದ ಇನ್ನೊಂದು ಸೀಸದ ಕಾರ್ಖಾನೆ ಆಗಲೂ ನಡೆಯುತ್ತಲೇ ಇತ್ತು, ಅದು ಮುಚ್ಚಿದ್ದು 1985ರಲ್ಲಿ. 2009ರಲ್ಲಿ ಆ ಇಡೀ ಪ್ರದೇಶವನ್ನು ಸೂಪರ್‌ಫಂಡ್ ಪಟ್ಟಿಗೆ ಸೇರಿಸಿದರು. ಅಂದರೆ ದೇಶದ ಅತಿ ಕೆಟ್ಟ ವಿಷದ ಜಾಗಗಳ ಪಟ್ಟಿಗೆ. 2012ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ಇಪಿಎ ಒಂದು ಯೋಜನೆ ಮಾಡಿತು: ಎರಡಡಿ ತನಕ ಮಣ್ಣು ತೆಗೆಯುವುದು, ಒಳ್ಳೆ ಮಣ್ಣು ತುಂಬುವುದು, ಕೆಳಗೆ ಇನ್ನೂ ವಿಷ ಉಳಿದಿದ್ದರೆ ನಡುವೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಬಲೆಯಂಥದ್ದು ಹಾಸುವುದು, ಮುಂದೆ ಯಾರಾದರೂ ಅಗೆದರೆ ಎಚ್ಚರ ಆಗಲಿ ಅಂತ. ನೀವು ಕೇಳಿದ ಉಪಾಯವೇ, ಸ್ವಲ್ಪ ಜಾಸ್ತಿ ಆಳಕ್ಕೆ.

2016ರ ಬೇಸಿಗೆಯಲ್ಲಿ ಎಲ್ಲ ತಲೆಕೆಳಗಾಯಿತು. ಆಗ ವಸತಿ ಜಾಗಕ್ಕೆ ಇಪಿಎ ಇಟ್ಟಿದ್ದ ಮಿತಿ ಒಂದು ಕಿಲೋ ಮಣ್ಣಿಗೆ 400 ಮಿಲಿಗ್ರಾಂ ಸೀಸ. ವೆಸ್ಟ್ ಕ್ಯಾಲುಮೆಟ್‌ನ ಸ್ಯಾಂಪಲ್‌ಗಳಲ್ಲಿ ಅತಿ ಹೆಚ್ಚಿನದು 90,000 ದಾಟಿತ್ತು. ಮೇಯರ್ ಪತ್ರ ಬರೆದು ಎಲ್ಲರೂ ಮನೆ ಖಾಲಿ ಮಾಡಬೇಕು ಅಂದರು. ಸಾವಿರಕ್ಕೂ ಹೆಚ್ಚು ಜನ, ಅರ್ಧಕ್ಕಿಂತ ಜಾಸ್ತಿ ಮಕ್ಕಳು. ಮನೆ ಮುಂದೆ ಇಪಿಎ ಬೋರ್ಡು ನೆಟ್ಟಿತು, ಮಣ್ಣಿನಲ್ಲಿ ಆಟ ಆಡಬೇಡಿ ಅಂತ. ಜನ ಅಲ್ಲಿದ್ದಾಗಲೇ ಎರಡಡಿ ಅಗೆಯುವ ಯೋಜನೆಯನ್ನು ಮೇಯರ್ ಒಪ್ಪಲಿಲ್ಲ, ಕಟ್ಟಡಗಳನ್ನೇ ಕೆಡವುತ್ತೇವೆ ಅಂದರು. 2018ರಲ್ಲಿ ಕೆಡವಿಯೂ ಆಯಿತು. ಆ ಜಾಗಕ್ಕೆ ಈಗ ಇರುವ ಯೋಜನೆ ಕೈಗಾರಿಕೆ ಮತ್ತು ವ್ಯಾಪಾರದ ಬಳಕೆಗೆ, ಮನೆಗಳಿಗಲ್ಲ.

ಸ್ವಾರಸ್ಯ ಏನೆಂದರೆ, ಅಕ್ಕಪಕ್ಕದ ಬೀದಿಗಳಲ್ಲಿ ಅದೇ ವಿಧಾನ ಬಳಸಿದರು. ಮನೆಯ ಅಂಗಳದ ಮಣ್ಣು ತೆಗೆದು, ಹೊಸ ಮಣ್ಣು ಹಾಕಿ, ಹುಲ್ಲು ಹಾಸಿ ಕೊಟ್ಟರು. ಜನ ಅಲ್ಲೇ ಇದ್ದಾರೆ. ಒಂದೇ ಊರು, ಒಂದೇ ಲೋಹ. ಹೊಗೆಯ ಜೊತೆ ಹಾರಿ ಬಂದು ಬಿದ್ದ ಸೀಸ ಮಣ್ಣಿನ ಕಣಕ್ಕೆ ಅಂಟಿಕೊಂಡು ಮೇಲ್ಪದರದಲ್ಲೇ ಕೂರುತ್ತದೆ, ಮಳೆ ಬಂದರೂ ಸುಲಭವಾಗಿ ಕೆಳಗಿಳಿಯುವುದಿಲ್ಲ. ಅಂಥ ಕಡೆ ಮೇಲಿನ ಮಣ್ಣು ತೆಗೆದರೆ ಬಹುಪಾಲು ವಿಷ ಹೋದಂತೆ. ಆದರೆ ಕಾರ್ಖಾನೆಯೇ ನಿಂತಿದ್ದ ಜಾಗದಲ್ಲಿ ಕಿಟ್ಟ, ಬೂದಿ, ಕೆಡವಿದ ಗೋಡೆಯ ಚೂರು ಎಲ್ಲ ಸೇರಿ ತಳ ತುಂಬಿರಬಹುದು, ಅಲ್ಲಿ ಎರಡಡಿ ಅನ್ನುವುದಕ್ಕೆ ಅರ್ಥ ಇಲ್ಲ. ಇನ್ನೊಂದು ವಿಷಯ, ಆ 400ರ ಮಿತಿ ಕೂಡ ಉಳಿಯಲಿಲ್ಲ. 2024ರಲ್ಲಿ ಇಪಿಎ ಅದನ್ನು 200ಕ್ಕೆ ಇಳಿಸಿತು. ಮಕ್ಕಳ ಮಿದುಳಿಗೆ ಸೀಸ ಮಾಡುವ ಹಾನಿಗೆ ಇಷ್ಟರ ತನಕ ಪರವಾಗಿಲ್ಲ ಅನ್ನುವ ಗೆರೆ ಸಿಗುತ್ತಿಲ್ಲ, ಅದಕ್ಕೆ. ಅಂಬೆಗಾಲಿಡುವ ಮಗು ಕೈಯನ್ನು ದಿನಕ್ಕೆ ಎಷ್ಟು ಸಲ ಬಾಯಿಗೆ ಹಾಕಿಕೊಳ್ಳುತ್ತದೆ ಅಂತ ಮನೆಯಲ್ಲಿ ಮಗು ಇದ್ದವರಿಗೆ ಗೊತ್ತು. ಹೊಟ್ಟೆಗೆ ಹೋದ ಸೀಸವನ್ನು ದೊಡ್ಡವರಿಗಿಂತ ಮಕ್ಕಳ ದೇಹ ತುಂಬಾ ಜಾಸ್ತಿ ಹೀರಿಕೊಳ್ಳುತ್ತದೆ.

ಸೀಸ ಬಿಡಿ, ಅದು ಕೂತಲ್ಲೇ ಕೂರುವ ಆಸಾಮಿ. ಎಲೆಕ್ಟ್ರೋಪ್ಲೇಟಿಂಗ್ ಶೆಡ್‌ಗಳಿಂದ, ಅಂದರೆ ಲೋಹಕ್ಕೆ ಮಿರುಗು ಲೇಪ ಕೊಡುವ ಕಡೆಯಿಂದ, ಬರುವ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂ ಲೋಹದ ವಿಷಕಾರಿ ರೂಪ) ಹಾಗಲ್ಲ. ಅದು ನೀರಲ್ಲಿ ಕರಗಿ ನೇರ ಕೆಳಗಿಳಿಯುತ್ತದೆ. ಪೀಣ್ಯದ ಬೋರ್‌ವೆಲ್ ನೀರಿನಲ್ಲಿ ಕ್ರೋಮಿಯಂ ಸಿಕ್ಕಿದ್ದು ಬೆಂಗಳೂರಿನವರಿಗೆ ಹಳೇ ಸುದ್ದಿ. ಅಂಥ ಜಾಗದಲ್ಲಿ ಮೇಲಿನ ಮಣ್ಣು ಬದಲಾಯಿಸಿ, ಅದೇ ಆವರಣದಲ್ಲಿ ಬೋರ್ ಕೊರೆದು ನೂರಾರು ಮನೆಗೆ ನೀರು ಬಿಟ್ಟರೆ ಏನು ಮಾಡಿದಂತಾಯಿತು?

ಇನ್ನು ಕೆಲವು ವಿಷ ಆವಿಯಾಗಿ ಮೇಲಕ್ಕೆ ಬರುತ್ತವೆ. ನೆದರ್‌ಲ್ಯಾಂಡ್ಸ್‌ನ ಲೆಕ್ಕರ್‌ಕರ್ಕ್ ಎಂಬ ಊರಿನಲ್ಲಿ ಹಳೇ ಕಾಲುವೆಗಳನ್ನು ಕಟ್ಟಡದ ಅವಶೇಷ, ಕೆಮಿಕಲ್ ಡ್ರಮ್ಮು ಎಲ್ಲ ಹಾಕಿ ಮುಚ್ಚಿ, 1970ರ ದಶಕದಲ್ಲಿ ಅದರ ಮೇಲೆ ಮನೆ ಕಟ್ಟಿದ್ದರು. ಡ್ರಮ್ಮುಗಳಲ್ಲಿದ್ದ ಟಾಲುಯೀನ್, ಕ್ಸೈಲೀನ್‌ನಂಥ ದ್ರಾವಕಗಳು ಮಣ್ಣಿಗೆ ಸೇರಿ, ಕುಡಿಯುವ ನೀರಿನ ಪ್ಲಾಸ್ಟಿಕ್ ಪೈಪಿನ ಒಳಗೂ ನುಗ್ಗಿದವು. ಪೈಪು ಒಡೆಯಬೇಕಂತಿಲ್ಲ, ಇಂಥ ದ್ರಾವಕ ಪ್ಲಾಸ್ಟಿಕ್ಕಿನ ಮೂಲಕವೇ ಒಳಗೆ ಜಿನುಗುತ್ತದೆ. 1980ರಲ್ಲಿ ಸುಮಾರು 270 ಮನೆಯವರನ್ನು ಸ್ಥಳಾಂತರ ಮಾಡಿ, ಮನೆಗಳ ಅಡಿಯಿಂದ ಮಣ್ಣು ತೆಗೆದರು. ಆ ದೇಶ ಮಣ್ಣು ಶುಚಿಗೊಳಿಸುವುದಕ್ಕೇ ಒಂದು ಕಾನೂನು ತಂದದ್ದು ಈ ಗಲಾಟೆಯಿಂದ. ಇಂಥ ಆವಿ ಏಳುವ ಜಾಗದಲ್ಲಿ ತಳಪಾಯದ ಕೆಳಗೆ ಆವಿ ತಡೆಯುವ ದಪ್ಪ ಹಾಳೆ ಹಾಸಿ, ಪೈಪುಗಳ ಮೂಲಕ ಗಾಳಿಯನ್ನು ಚಾವಣಿಗಿಂತ ಮೇಲಕ್ಕೆ ಬಿಡುತ್ತಾರೆ. ಕಟ್ಟುವಾಗಲೇ ಮಾಡಿದರೆ ಖರ್ಚು ಕಡಿಮೆ. ಕಟ್ಟಿದ ಮೇಲಾದರೆ ನೆಲ ಒಡೆಯಬೇಕು.

ಈಗ ಖರ್ಚಿನ ವಿಷಯ. ಒಂದು ಎಕರೆಯಲ್ಲಿ ಒಂದೇ ಒಂದು ಅಡಿ ತೆಗೆದರೂ ಸುಮಾರು 1,230 ಘನ ಮೀಟರ್ ಮಣ್ಣು, ತೂಕದಲ್ಲಿ ಎರಡು ಸಾವಿರ ಟನ್ ಹತ್ತಿರ. ಹತ್ತು ಟನ್ನಿನ ಟಿಪ್ಪರ್ ಅಂದರೂ 200 ಲೋಡ್. ಅದನ್ನೆಲ್ಲ ಎಲ್ಲಿ ಸುರಿಯುತ್ತಾರೆ? ವಿಷದ ಮಣ್ಣು ಹೋಗಬೇಕಾದ್ದು ಅಪಾಯಕಾರಿ ತ್ಯಾಜ್ಯಕ್ಕೆಂದೇ ಮಾಡಿದ, ತಳಕ್ಕೆ ಹಾಳೆ ಹಾಸಿದ ಗುಂಡಿಗೆ. ನಮ್ಮಲ್ಲಿ ದಾಬಸ್‌ಪೇಟೆಯಲ್ಲಿ ಅಂಥದ್ದಿದೆ. ಅಲ್ಲಿಗೆ ಕಳಿಸಲು ಸಾಗಾಣಿಕೆಗೂ ದುಡ್ಡು, ಒಳಗೆ ಬಿಡಲೂ ದುಡ್ಡು. ಇನ್ನು ರಾತ್ರಿ ಹೊತ್ತು ಕೆರೆ ಅಂಚಲ್ಲೋ, ಇನ್ಯಾರದೋ ಸೈಟು ಲೆವೆಲ್ ಮಾಡಲಿಕ್ಕೋ ಸುರಿದು ಬರುವುದು ಪುಕ್ಕಟೆ. ಒಂದಡಿ ತೆಗೆದು ಹಾಕಿ ಅನ್ನುವವರನ್ನು ನಾನು ಮೊದಲು ಕೇಳುವುದು ಆ ಇನ್ನೂರು ಲೋಡಿನ ರಸೀದಿ ಎಲ್ಲಿ ಅಂತ.

ಮಣ್ಣನ್ನು ಹೊರಗೆ ಕಳಿಸದೆ ಅಲ್ಲೇ ಶುಚಿ ಮಾಡುವ ದಾರಿಗಳೂ ಇವೆ. ಲಂಡನ್ನಿನಲ್ಲಿ 2012ರ ಒಲಿಂಪಿಕ್ಸ್‌ಗೆ ಆರಿಸಿದ ಜಾಗ ಹಳೇ ಕೈಗಾರಿಕೆಗಳದ್ದು; ಎಣ್ಣೆ, ಟಾರು, ಸೀಸ, ಆರ್ಸೆನಿಕ್ ಎಲ್ಲ ಇತ್ತು. ಮಣ್ಣು ತೊಳೆಯುವ ಯಂತ್ರಗಳನ್ನು ಅಲ್ಲೇ ನಿಲ್ಲಿಸಿ, ಅಗೆದ ಮಣ್ಣಿನ ಬಹುಪಾಲನ್ನು ತೊಳೆದು ಮತ್ತೆ ಅಲ್ಲೇ ಬಳಸಿದರು. ಆ ಬಿಡಾರಕ್ಕೆ ಅವರಿಟ್ಟ ಹೆಸರು ಮಣ್ಣಿನ ಆಸ್ಪತ್ರೆ! ಕ್ರೀಡಾಪಟುಗಳು ಉಳಿದುಕೊಂಡಿದ್ದ ಕಟ್ಟಡಗಳು ಆಮೇಲೆ 2,818 ಮನೆಗಳಾದವು, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಕೈಗೆಟಕುವ ದರದವು. ಆದರೆ ಇದನ್ನು ನೋಡಿ ನಮ್ಮಲ್ಲೂ ತೊಳೆದುಬಿಡೋಣ ಅಂದುಕೊಳ್ಳುವ ಹಾಗಿಲ್ಲ. ತೊಳೆಯುವುದು ಮರಳು ಮರಳಾದ ಮಣ್ಣಿಗೆ ಚೆನ್ನ. ವಿಷ ಅಂಟಿಕೊಳ್ಳುವುದು ಸಣ್ಣ ಜೇಡಿ ಕಣಕ್ಕೆ. ಜೇಡಿ ಜಾಸ್ತಿ ಇದ್ದಲ್ಲಿ ತೊಳೆದ ಮೇಲೆ ಉಳಿಯುವ ವಿಷದ ಕೆಸರೇ ರಾಶಿ ಬೀಳುತ್ತದೆ. ಗ್ಯಾರೇಜು, ಬಸ್ ಡಿಪೋ, ಪೆಟ್ರೋಲ್ ಬಂಕು ಇದ್ದ ಜಾಗವಾದರೆ ನಿಮ್ಮ ಪುಣ್ಯ. ಡೀಸೆಲ್, ಆಯಿಲ್ ತಿನ್ನುವ ಬ್ಯಾಕ್ಟೀರಿಯಾ ಮಣ್ಣಲ್ಲೇ ಇವೆ. ಗಾಳಿ, ತೇವ, ಸ್ವಲ್ಪ ಸಾರಜನಕ ಕೊಟ್ಟು ತಿರುವಿ ಹಾಕುತ್ತಿದ್ದರೆ ತಿಂಗಳುಗಳಲ್ಲಿ ಕೆಲಸ ಆಗುತ್ತದೆ. ಲೋಹವನ್ನು ಯಾವ ಬ್ಯಾಕ್ಟೀರಿಯಾವೂ ತಿಂದು ಮುಗಿಸಲಾರದು. ಸೂರ್ಯಕಾಂತಿ ನೆಟ್ಟರೆ ಸೀಸ ಎಲ್ಲ ಹೀರುತ್ತದೆ ಅನ್ನುವ ವಾಟ್ಸಾಪ್ ಮೆಸೇಜು ನನಗೂ ಬಂದಿದೆ. ಸೀಸ ಮಣ್ಣನ್ನು ಬಿಟ್ಟು ಗಿಡಕ್ಕೆ ಹತ್ತುವುದೇ ಕಷ್ಟ, ಹತ್ತಿದಷ್ಟೂ ಆ ಗಿಡವನ್ನು ಮತ್ತೆ ವಿಷವೆಂದೇ ವಿಲೇವಾರಿ ಮಾಡಬೇಕು, ಅಷ್ಟರಲ್ಲಿ ಮನೆಗೆ ಅರ್ಜಿ ಹಾಕಿದವರ ಮೊಮ್ಮಕ್ಕಳಿಗೆ ಮದುವೆ ಆಗಿರುತ್ತದೆ.

ಭಾರತದಲ್ಲಿ ಇದಕ್ಕೆಂದೇ ನಿಯಮ ಬಂದದ್ದು ತೀರಾ ಇತ್ತೀಚೆಗೆ, 2025ರ ಜುಲೈನಲ್ಲಿ. ಅನುಮಾನ ಇರುವ ಜಾಗಗಳ ಪಟ್ಟಿಯನ್ನು ಜಿಲ್ಲಾಡಳಿತ ಆರು ತಿಂಗಳಿಗೊಮ್ಮೆ ಕೊಡಬೇಕು, ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನದೊಳಗೆ ಮೊದಲ ಸುತ್ತಿನ ಪರಿಶೀಲನೆ ಮುಗಿಸಬೇಕು, ಕೆಡಿಸಿದವರೇ ಖರ್ಚು ಕೊಡಬೇಕು. ಗಣಿಯಿಂದಾದ ಮಾಲಿನ್ಯ, ಊರ ಕಸದ ಗುಡ್ಡ, ಇವು ಸಾಮಾನ್ಯವಾಗಿ ಈ ನಿಯಮದ ಹೊರಗೆ, ಅವಕ್ಕೆ ಬೇರೆ ಕಾನೂನು. ಹಾಗಾಗಿ 2001ರಲ್ಲಿ ಗಣಿ ಮುಚ್ಚಿದ ಮೇಲೂ ಗಾಳಿ ಬೀಸಿದಾಗಲೆಲ್ಲ ಧೂಳೆಬ್ಬಿಸುವ ಕೆಜಿಎಫ್‌ನ ಸೈನೈಡ್ ದಿಬ್ಬಗಳಿಗೆ (ಚಿನ್ನ ತೆಗೆದು ಉಳಿದ ಪುಡಿಯ ರಾಶಿಗಳಿಗೆ) ಇದರಿಂದ ಏನಾದರೂ ಆಗುತ್ತದೆ ಅಂತ ನನಗೇನೂ ಭರವಸೆ ಇಲ್ಲ.

ಬಡವರ ಮನೆಗೆ ಅಡ್ಡಗಾಲು ಅಂದಿರಿ. ಕೆಟ್ಟ ಜಾಗ ಅಗ್ಗಕ್ಕೆ ಸಿಗುತ್ತದೆ, ಅದಕ್ಕೇ ಕಡಿಮೆ ಬೆಲೆಯ ಮನೆಗಳು ಅಲ್ಲಿಗೇ ಹೋಗಿ ಬೀಳುತ್ತವೆ. ಶುಚಿ ಮಾಡುವ ಖರ್ಚು ಮನೆಯ ಬೆಲೆಗೆ ಸೇರಬಾರದು, ಜಾಗದ ಬೆಲೆಯಿಂದ ಕಳೆಯಬೇಕು. ಜಾಗ ಕೊಳ್ಳುವ ಮುಂಚೆ ಪರೀಕ್ಷೆ ಮಾಡಿಸಿದರೆ ಮಾತ್ರ ಅದು ಸಾಧ್ಯ. ದುಡ್ಡು ಕೊಟ್ಟಾದ ಮೇಲೆ ವಿಷ ಸಿಕ್ಕರೆ ಮಾರಿದವನು ಫೋನ್ ಎತ್ತಲ್ಲ, ಆಗ ಗುತ್ತಿಗೆದಾರ ಒಂದಡಿ ಮಣ್ಣು ಹಾಕಿ ಕೈತೊಳೆಯುತ್ತಾನೆ.

ನಿಮ್ಮೂರಿನ ವಿಷಯದಲ್ಲಿ ಈಗಲೇ ಒಂದು ಕೆಲಸ ಮಾಡಬಹುದು. ಆ ಕಾರ್ಖಾನೆಗೆ ಮಾಲಿನ್ಯ ನಿಯಂತ್ರಣ ಮಂಡಳಿ ಕೊಟ್ಟಿದ್ದ ಕನ್ಸೆಂಟ್ (ಒಪ್ಪಿಗೆ) ಪತ್ರಗಳ ನಕಲು ಬೇಕು ಅಂತ ಆರ್‌ಟಿಐ ಅರ್ಜಿ ಹಾಕಿ. ಅಲ್ಲಿ ಏನು ತಯಾರಾಗುತ್ತಿತ್ತು, ಯಾವ ತ್ಯಾಜ್ಯ ಬರುತ್ತಿತ್ತು ಅನ್ನುವುದು ಅದರಲ್ಲಿರುತ್ತದೆ. ಅಲ್ಲಿ ಕೆಲಸ ಮಾಡಿದ ಹಳಬರು ಯಾರಾದರೂ ಊರಲ್ಲಿದ್ದರೆ ಅವರನ್ನು ಕರೆದುಕೊಂಡು ಹೋಗಿ, ತೊಟ್ಟಿ ಎಲ್ಲಿತ್ತು, ಗಲೀಜು ನೀರು ಯಾವ ಕಡೆ ಬಿಡುತ್ತಿದ್ದರು ಅಂತ ತೋರಿಸಲು ಹೇಳಿ. ಸ್ಯಾಂಪಲ್ ತೆಗೆಯಬೇಕಾದ್ದು ಮೊದಲು ಅಲ್ಲಿ, ಗೇಟಿನ ಪಕ್ಕದ ಹುಲ್ಲಿನಲ್ಲಲ್ಲ.